ಮರ್ಸಿಡಿಸ್-ಬೆಂಜ್ ಎಸ್-ಕ್ಲಾಸ್ (ಡಬ್ಲ್ಯು220): ಯಾಂತ್ರಿಕ ದೋಷಗಳು ಮತ್ತು ದುರಸ್ತಿ ವೆಚ್ಚ

ಮರ್ಸಿಡಿಸ್-ಬೆಂಜ್ ಡಬ್ಲ್ಯು220 ಎಂಬುದು ಜರ್ಮನಿಯ ಮರ್ಸಿಡಿಸ್-ಬೆಂಜ್ ಸಂಸ್ಥೆಯು 1998ರಿಂದ 2005ರವರೆಗೆ ತಯಾರಿಸಿದ ಎಸ್-ಕ್ಲಾಸ್ ಐಷಾರಾಮಿ ಕಾರಿನ ಒಂದು ಪೀಳಿಗೆಯಾಗಿದೆ. ಇದು ಡಬ್ಲ್ಯು140 ಮಾದರಿಯ ನಂತರ ಬಂದಿತು. 2005ರಲ್ಲಿ ಡಬ್ಲ್ಯು221 ಇದರ ಸ್ಥಾನವನ್ನು ಪಡೆಯಿತು. ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಈ ಮಾದರಿಯು ಅಗ್ಗವಾಗಿ ದೊರೆಯುತ್ತದೆ. ಆದರೆ ಇದರ ದುರಸ್ತಿ ವೆಚ್ಚವು ಕೆಲವೊಮ್ಮೆ ಕೊಂಡ ಬೆಲೆಯನ್ನೇ ಮೀರುವುದುಂಟು. ಈ ಲೇಖನವು ಇದರಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷಗಳನ್ನೂ ಅವುಗಳ ವೆಚ್ಚದ ಸ್ವರೂಪವನ್ನೂ ವಿವರಿಸುತ್ತದೆ.

ಹಿನ್ನೆಲೆ

ಡಬ್ಲ್ಯು220 ತನ್ನ ಹಿಂದಿನ ಮಾದರಿಗಿಂತ ಗಾತ್ರದಲ್ಲಿ ಚಿಕ್ಕದು ಮತ್ತು ಹಗುರವಾದುದು. ಆದರೆ ಇದರಲ್ಲಿ ವಿದ್ಯುನ್ಮಾನ ಸಾಧನಗಳ ಬಳಕೆ ಬಹಳ ಹೆಚ್ಚಿತ್ತು. ಮುಂದಿನ ವಾಹನದಿಂದ ಅಂತರ ಕಾಯ್ದುಕೊಳ್ಳುವ ರೇಡಾರ್ ಆಧಾರಿತ ವೇಗ ನಿಯಂತ್ರಣ, ಕೀಲಿಯಿಲ್ಲದೆ ಬಾಗಿಲು ತೆರೆಯುವ ವ್ಯವಸ್ಥೆ, ಗಾಳಿಯ ಸಸ್ಪೆನ್ಷನ್ ಮೊದಲಾದವು ಇದರಲ್ಲಿ ದೊರೆಯುತ್ತಿದ್ದವು. ಇಂತಹ ಪ್ರತಿಯೊಂದು ಸೌಲಭ್ಯವೂ ವಾಹನಕ್ಕೆ ವಯಸ್ಸಾದಂತೆ ಕೆಡಬಹುದಾದ ಒಂದು ಭಾಗವೂ ಆಗಿದೆ.

ಸಸ್ಪೆನ್ಷನ್ ದೋಷಗಳು

ಬಹುತೇಕ ಡಬ್ಲ್ಯು220 ಕಾರುಗಳಲ್ಲಿ ಉಕ್ಕಿನ ಸ್ಪ್ರಿಂಗ್‌ಗಳ ಬದಲು ಏರ್‌ಮ್ಯಾಟಿಕ್ ಎಂಬ ಗಾಳಿಯ ಸಸ್ಪೆನ್ಷನ್ ಇರುತ್ತದೆ. ಪ್ರತಿ ಚಕ್ರದ ಬಳಿಯಿರುವ ರಬ್ಬರಿನ ಗಾಳಿಚೀಲವು ವಾಹನದ ಭಾರವನ್ನು ಹೊರುತ್ತದೆ. ಕಾಲಕ್ರಮೇಣ ರಬ್ಬರು ಬಿರುಕುಬಿಟ್ಟು ಗಾಳಿ ಸೋರಲಾರಂಭಿಸುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಗಾಗುವಷ್ಟರಲ್ಲಿ ಒಂದು ಮೂಲೆಯಲ್ಲಿ ಕುಸಿದಿರುವುದು ಇದರ ಮೊದಲ ಲಕ್ಷಣ. ಸೋರಿಕೆಯನ್ನು ಸರಿಪಡಿಸದಿದ್ದರೆ, ನಷ್ಟವಾದ ಗಾಳಿಯನ್ನು ತುಂಬಲು ಕಂಪ್ರೆಸರ್ ಮತ್ತೆ ಮತ್ತೆ ಓಡಿ ಬಿಸಿಯಾಗಿ ಸುಟ್ಟುಹೋಗುತ್ತದೆ. ಹೀಗೆ ಒಂದು ಭಾಗದ ದೋಷವು ಎರಡು ಭಾಗಗಳ ವೆಚ್ಚವಾಗಿ ಪರಿಣಮಿಸುತ್ತದೆ.

ಕೆಲವು ಉನ್ನತ ಆವೃತ್ತಿಗಳಲ್ಲಿ ಎಬಿಸಿ ಎಂಬ ಹೈಡ್ರಾಲಿಕ್ ಸಸ್ಪೆನ್ಷನ್ ಇದೆ. ಇದರಲ್ಲಿ ತೈಲವು ಸುಮಾರು 200 ಬಾರ್‌ವರೆಗಿನ ಒತ್ತಡದಲ್ಲಿ ಹರಿಯುತ್ತದೆ. ಕೊಳವೆಗಳ ಸೋರಿಕೆ, ಪಂಪಿನ ಸವೆತ ಹಾಗೂ ಒತ್ತಡ ಸಂಗ್ರಾಹಕಗಳ ಒಳಪೊರೆ ಹರಿಯುವುದು ಇದರ ಮುಖ್ಯ ತೊಂದರೆಗಳು. ಏರ್‌ಮ್ಯಾಟಿಕ್‌ಗೆ ಹೋಲಿಸಿದರೆ ಎಬಿಸಿಯ ದುರಸ್ತಿ ಸಾಮಾನ್ಯವಾಗಿ ಹೆಚ್ಚು ದುಬಾರಿ.

ಎರಡೂ ವ್ಯವಸ್ಥೆಗಳಲ್ಲಿ ಒತ್ತಡ ಇಳಿದಾಗ ವಾಹನವು ಹಠಾತ್ತನೆ ಕೆಳಗಿಳಿಯಬಹುದು. ಆದ್ದರಿಂದ ಗಟ್ಟಿಯಾದ ಆಧಾರಗಳ ಮೇಲೆ ನಿಲ್ಲಿಸದೆ ಇಂತಹ ಕಾರಿನ ಅಡಿಯಲ್ಲಿ ಕೆಲಸ ಮಾಡುವುದು ಪ್ರಾಣಾಪಾಯಕರ.

ಎಂಜಿನ್

ವಿ6 (ಎಂ112) ಮತ್ತು ವಿ8 (ಎಂ113) ಪೆಟ್ರೋಲ್ ಎಂಜಿನ್‌ಗಳು ದೀರ್ಘ ಬಾಳಿಕೆಗೆ ಹೆಸರಾಗಿವೆ. ಇವುಗಳಲ್ಲಿ ಕಂಡುಬರುವ ದೋಷಗಳು ಬಹುಮಟ್ಟಿಗೆ ಹೊರಭಾಗಗಳಿಗೆ ಸಂಬಂಧಿಸಿದವು:

- ಕ್ರ್ಯಾಂಕ್‌ಶಾಫ್ಟ್ ಸ್ಥಾನ ಸಂವೇದಕವು ಕೆಟ್ಟಾಗ ಬಿಸಿಯಾದ ಎಂಜಿನ್ ನಿಂತುಹೋಗಿ, ತಣಿದ ಮೇಲೆ ಮತ್ತೆ ಚಾಲೂ ಆಗುತ್ತದೆ. ಭಾಗದ ಬೆಲೆ ಕಡಿಮೆ.
- ವಾಲ್ವ್ ಮುಚ್ಚಳಗಳಿಂದ ಎಣ್ಣೆ ಜಿನುಗುತ್ತದೆ.
- ಆರಂಭದ ವರ್ಷಗಳ ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್ ರಾಟೆಯ ರಬ್ಬರು ಪದರ ಬೇರ್ಪಡುತ್ತದೆ. ಕಡೆಗಣಿಸಿದರೆ ರಾಟೆಯು ಎಂಜಿನ್ನಿನ ಮುಂಭಾಗದ ಮುಚ್ಚಳವನ್ನು ಕೊರೆಯಬಹುದು.

ಈ ಎಂಜಿನ್‌ಗಳಲ್ಲಿ ಪ್ರತಿ ಸಿಲಿಂಡರಿಗೆ 2 ಸ್ಪಾರ್ಕ್ ಪ್ಲಗ್‌ಗಳಿರುವುದರಿಂದ ವಿ8ರಲ್ಲಿ 16 ಪ್ಲಗ್‌ಗಳನ್ನು ಬದಲಿಸಬೇಕಾಗುತ್ತದೆ. ಎಸ್600ರ ವಿ12 ಎಂಜಿನ್‌ನಲ್ಲಿ ಈ ಸಂಖ್ಯೆ 24. ಇದಲ್ಲದೆ ವಿ12ರಲ್ಲಿ ಆರು ಸಿಲಿಂಡರುಗಳ ಪ್ರತಿ ಸಾಲಿಗೂ ಒಂದೇ ಇಗ್ನಿಷನ್ ಕಾಯಿಲ್ ಘಟಕವಿರುವುದರಿಂದ, ಅದರ ಒಂದು ಅಂಶ ಕೆಟ್ಟರೂ ಸಾಮಾನ್ಯವಾಗಿ ಇಡೀ ಘಟಕವನ್ನೇ ಬದಲಿಸಲಾಗುತ್ತದೆ.

ಗೇರ್ ಪೆಟ್ಟಿಗೆ

ಈ ಪೀಳಿಗೆಯ ಹೆಚ್ಚಿನ ಕಾರುಗಳಲ್ಲಿ 5 ವೇಗಗಳ ಸ್ವಯಂಚಾಲಿತ ಗೇರ್ ಪೆಟ್ಟಿಗೆಯಿದೆ. ಇದರ ವಿದ್ಯುತ್ ಸಂಪರ್ಕ ಕೊಂಡಿಯ ರಬ್ಬರು ಉಂಗುರಗಳು ಗಡಸಾದಾಗ ಎಣ್ಣೆಯು ತಂತಿಗಳ ಒಳಗಿನಿಂದಲೇ ಏರಿ ನಿಯಂತ್ರಣ ಘಟಕವನ್ನು ತಲುಪಬಹುದು. ಆಗ ವಾಹನವು ಎರಡನೆಯ ಗೇರಿನಲ್ಲೇ ಉಳಿದುಬಿಡುತ್ತದೆ. ಕೊಂಡಿಯು ಅಗ್ಗದ ಭಾಗವಾದರೂ ನಿಯಂತ್ರಣ ಘಟಕವು ದುಬಾರಿ. ಈ ಗೇರ್ ಪೆಟ್ಟಿಗೆಯ ಎಣ್ಣೆಯು ಜೀವಾವಧಿಯದು ಎಂದು ಮೊದಲು ಹೇಳಲಾಗಿದ್ದರಿಂದ ಹಲವು ಮಾಲೀಕರು ಅದನ್ನು ಬದಲಿಸಲೇ ಇಲ್ಲ. ಇದು ಸವೆತಕ್ಕೆ ಮತ್ತೊಂದು ಕಾರಣ.

ತುಕ್ಕು ಮತ್ತು ವಿದ್ಯುನ್ಮಾನ

ಚಕ್ರದ ಕಮಾನುಗಳು ಮತ್ತು ಬಾಗಿಲುಗಳ ಕೆಳಅಂಚುಗಳಲ್ಲಿ ತುಕ್ಕು ಹಿಡಿಯುವುದು ಈ ಮಾದರಿಯ ಪ್ರಸಿದ್ಧ ದೋಷ. ನೀರು ಹರಿದುಹೋಗುವ ರಂಧ್ರಗಳು ಎಲೆಗಳಿಂದ ಮುಚ್ಚಿಹೋದಾಗ ನೀರು ಒಳನುಗ್ಗಿ ವಿದ್ಯುನ್ಮಾನ ಘಟಕಗಳನ್ನು ಕೆಡಿಸುತ್ತದೆ. ಬ್ಯಾಟರಿ ದುರ್ಬಲವಾದರೆ ಪರಸ್ಪರ ಸಂಬಂಧವಿಲ್ಲದ ಅನೇಕ ಎಚ್ಚರಿಕೆಗಳು ಒಟ್ಟಿಗೆ ಕಾಣಿಸಿಕೊಳ್ಳಬಹುದು.

ದುರಸ್ತಿ ವೆಚ್ಚದ ಸ್ವರೂಪ

ಅಮೆರಿಕದಲ್ಲಿ ಹೊಸದಾಗಿದ್ದಾಗ ಎಸ್430ರ ಬೆಲೆ ಸುಮಾರು 70,000 ಡಾಲರ್ ಇತ್ತು. ಮುಂದೆ ಹಳೆಯ ಕಾರುಗಳ ಬೆಲೆ ಇದರ ಹತ್ತನೆಯ ಒಂದು ಭಾಗಕ್ಕೂ ಇಳಿಯಿತು. ವಾಹನದ ಬೆಲೆ ಇಳಿದರೂ ಬಿಡಿಭಾಗಗಳ ಬೆಲೆಯಾಗಲಿ ಕೂಲಿಯಾಗಲಿ ಇಳಿಯುವುದಿಲ್ಲ. ಸಂಸ್ಥೆಯ ಮೂಲ ಗಾಳಿ ಸ್ಟ್ರಟ್ ಒಂದಕ್ಕೇ ಸಾವಿರ ಡಾಲರಿನಷ್ಟು ಬೆಲೆ ತೆರಬೇಕಾದ್ದರಿಂದ, ನಾಲ್ಕನ್ನೂ ಬದಲಿಸಿದರೆ ವೆಚ್ಚವು ಕಾರಿನ ಬೆಲೆಯನ್ನು ಮುಟ್ಟಬಹುದು. ಇತರ ತಯಾರಕರ ಅಥವಾ ಪುನರ್ನವೀಕರಿಸಿದ ಸ್ಟ್ರಟ್‌ಗಳು ಇದಕ್ಕಿಂತ ಗಣನೀಯವಾಗಿ ಅಗ್ಗ.

ವೆಚ್ಚದಲ್ಲಿ ದೋಷ ಪತ್ತೆಯ ಪಾಲೂ ಇದೆ. ಈ ಕಾರಿನ ಅನೇಕ ದೋಷಗಳನ್ನು ನಿಖರವಾಗಿ ಗುರುತಿಸಲು ಸ್ಟಾರ್ ಡಯಾಗ್ನೋಸಿಸ್‌ನಂತಹ ವಿಶೇಷ ಉಪಕರಣ ಬೇಕು. ಪರೀಕ್ಷೆಯಿಲ್ಲದೆ ಊಹೆಯಿಂದ ಭಾಗಗಳನ್ನು ಬದಲಿಸುತ್ತ ಹೋದರೆ ಹಣ ವ್ಯರ್ಥವಾಗುತ್ತದೆ.

ಖರೀದಿಗೆ ಮುನ್ನ ಪರಿಶೀಲನೆ

ಕೊಳ್ಳುವ ಮುನ್ನ ವಾಹನವನ್ನು ಒಂದು ರಾತ್ರಿ ನಿಲ್ಲಿಸಿ ನಾಲ್ಕೂ ಮೂಲೆಗಳ ಎತ್ತರವನ್ನು ಅಳೆಯುವುದು, ಗೇರ್ ಪೆಟ್ಟಿಗೆಯ ಸಂಪರ್ಕ ಕೊಂಡಿಯಲ್ಲಿ ಎಣ್ಣೆಯಿದೆಯೇ ಎಂದು ನೋಡುವುದು, ತುಕ್ಕನ್ನು ಗಮನಿಸುವುದು ಹಾಗೂ ಸರ್ವೀಸ್ ದಾಖಲೆಗಳನ್ನು ಓದುವುದು ಉಪಯುಕ್ತ. ಅಗ್ಗದ ಬೆಲೆಯ, ದಾಖಲೆಗಳಿಲ್ಲದ ಕಾರಿಗಿಂತ ತುಸು ಹೆಚ್ಚು ಬೆಲೆಯ, ಕ್ರಮಬದ್ಧವಾಗಿ ನಿರ್ವಹಿಸಲಾದ ಕಾರು ಒಟ್ಟಾರೆ ವೆಚ್ಚದಲ್ಲಿ ಅಗ್ಗವಾಗುವ ಸಾಧ್ಯತೆ ಹೆಚ್ಚು.