ಕುಂಡದಿಂದ ಬಿದ್ದದ್ದು ನಿನ್ನೆಯ ನೀರು!

ಸಪ್ಪೆ! ಇನ್ನೊಂದು ಹನಿ ಬೆರಳಿಗೆ ತಗುಲಿಸಿ ನಾಲಿಗೆಗಿಟ್ಟೆ. ಅದೂ ಸಪ್ಪೆ! ಒಂದು ಲೋಟ ಉಪ್ಪುನೀರನ್ನು ಈಗಷ್ಟೇ ನಾನೇ ಮೇಲಿನಿಂದ ಹೊಯ್ದಿದ್ದೇನೆ. ಕೆಳಗಿನ ತೂತಿನಿಂದ ತೊಟ್ಟಿಕ್ಕುತ್ತಿರುವುದರಲ್ಲಿ ಉಪ್ಪೇ ಇಲ್ಲ. ಹಾಗಾದರೆ ಇದು ಯಾವ ನೀರು?

ಮುಂಬೈ ಪಕ್ಕದ ಠಾಣೆಯ ನೌಪಾಡಾದಲ್ಲಿ ನಮ್ಮ ಮೂರನೇ ಮಹಡಿಯ ಬಾಲ್ಕನಿ. ರಾತ್ರಿಯಿಡೀ ಜಡಿದ ಜುಲೈ ಮಳೆ ಬೆಳಿಗ್ಗೆ ಬಿಡುವು ಕೊಟ್ಟಿತ್ತು. ಗಿಡ ಸತ್ತು ಮಣ್ಣಷ್ಟೇ ಉಳಿದಿದ್ದ ಕುಂಡ, ಕುಡಿದಷ್ಟು ಕುಡಿದು ಮಿಕ್ಕಿದ್ದನ್ನು ಸುರಿಸಿ ಸುಮ್ಮನಾಗಿತ್ತು. ನಮ್ಮ ರೈತರು ‘ಹದ’ ಎನ್ನುವುದು ಹೆಚ್ಚುಕಡಿಮೆ ಇದಕ್ಕೇ. ಮಣ್ಣಿನ ದೊಡ್ಡ ಸಂದುಗಳ ನೀರು ಇಳಿದುಹೋಗಿ ಅಲ್ಲಿ ಗಾಳಿ ಸೇರಿರುತ್ತದೆ. ಕೂದಲೆಳೆಗಿಂತ ಸಣ್ಣ ಸಂದುಗಳು ಮಾತ್ರ, ಭೂಮಿ ಎಷ್ಟೇ ಎಳೆದರೂ, ತಮ್ಮ ನೀರನ್ನು ಬಿಟ್ಟುಕೊಡುವುದಿಲ್ಲ!

ಆ ನೀರನ್ನು ನನ್ನ ಲೋಟ ಕೆಳಕ್ಕೆ ನೂಕಿತ್ತು. ಲೋಕಲ್ ರೈಲಿಗೆ ಠಾಣೆಯಲ್ಲಿ ಹತ್ತುವವರ ನೂಕಿಗೆ ಡೊಂಬಿವಲಿಯಿಂದ ಬಂದವರು ಆಚೆ ಬಾಗಿಲವರೆಗೂ ಸರಿಯುತ್ತಾರಲ್ಲ, ಹಾಗೆ! ಹೊಸದು ಹೊಕ್ಕಿತು, ಹಳೆಯದು ಹೊರಬಿತ್ತು. 1967ರಲ್ಲೇ ಅಮೆರಿಕದ ಜಲವಿಜ್ಞಾನಿಗಳಾದ ಹ್ಯೂಲೆಟ್ ಮತ್ತು ಹಿಬ್ಬರ್ಟ್ ಕಾಡಿನ ಇಳಿಜಾರುಗಳ ಬಗ್ಗೆ ಇದನ್ನೇ ಹೇಳಿದ್ದರು.

ಕುಂಡವಿರಲಿ, ಹೊಳೆಯೇ ಹೀಗಂತೆ! 1979ರಲ್ಲಿ ಸ್ಕ್ಲಾಷ್ ಮತ್ತು ಫಾರ್ವೋಲ್ಡನ್ ಎಂಬ ಸಂಶೋಧಕರು ಕೆನಡಾದ ಹೊಳೆಗಳ ನೀರನ್ನು ಐಸೋಟೋಪುಗಳಿಂದ ಗುರುತು ಹಿಡಿದರು. ಮಳೆ ಬಂದು ಹೊಳೆ ಉಕ್ಕಿದಾಗಲೂ ಅದರಲ್ಲಿ ಹೆಚ್ಚಿನ ಪಾಲು ಆವತ್ತಿನ ಮಳೆಯದಲ್ಲ, ಮೊದಲೇ ನೆಲದೊಳಗೆ ಕೂತಿದ್ದ ನೀರು! ನಮ್ಮೂರ ಪಕ್ಕದ ಯೆವೂರು ಗುಡ್ಡದ ತೊರೆಗಳಲ್ಲಿ ಮಳೆಗಾಲದ ಭಾನುವಾರ ಕಾಲಿಳಿಬಿಟ್ಟು ಕೂರುವ ನಾವು ಯಾವತ್ತಿನ ಮಳೆಯಲ್ಲಿ ನೆನೆಯುತ್ತಿದ್ದೆವೋ! (ಮಳೆ ಬಂದಾಗ ಕೆಳಗೆ ಗೋಖಲೆ ರಸ್ತೆಯಲ್ಲಿ ಹರಿಯುವುದು ಮಾತ್ರ ಅಪ್ಪಟ ಆವತ್ತಿನದು, ಕಾಂಕ್ರೀಟಿಗೆ ಎಲ್ಲಿಯ ಹದ?)

ಎಲ್ಲ ಮಣ್ಣೂ ಇಷ್ಟು ಶಿಸ್ತಿನದಲ್ಲ. ಎರೆಹುಳು ಕೊರೆದ ಒಂದು ಬಿಲ, ಬೇರು ಕೊಳೆತು ಉಳಿದ ಒಂದು ಕೊಳವೆ ಇದ್ದರೂ ಸಾಕು, ಹೊಸ ನೀರು ಹಳೆಯದನ್ನು ಕೇಳದೆಯೇ ಸರ್ರನೆ ಇಳಿದುಬಿಡುತ್ತದೆ. ನನ್ನ ಕುಂಡದಲ್ಲಿ ಅಂಥ ಕಳ್ಳದಾರಿ ಇರಲಿಲ್ಲ ಅನ್ನಿಸುತ್ತದೆ.

ಎರಡನೇ ಲೋಟ, ಸಪ್ಪೆ. ಮೂರನೆಯದಕ್ಕೆ ಏನೋ ಅನುಮಾನ. ನಾಲ್ಕನೆಯದಕ್ಕೆ — ಬಂತು! ಉಪ್ಪು!

“ಮಣ್ಣುನೀರು ನೆಕ್ತಾ ಇದೀಯಲ್ಲೋ,” ಎಂದರು ಅಮ್ಮ, ಖಾಲಿಯಾದ ಉಪ್ಪಿನ ಡಬ್ಬಿ ಹಿಡಿದು.