ಅಂಜಲ್: ಗಾಳದಿಂದ ಕಾವಲಿಯವರೆಗೆ

ಕರ್ನಾಟಕದ ಕರಾವಳಿಯಲ್ಲಿ ಊಟದ ರಾಜನೆನಿಸಿರುವ ಅಂಜಲ್, ಬಂಗುಡೆಯ ಕುಟುಂಬಕ್ಕೆ ಸೇರಿದ, ಸಣ್ಣ ಮೀನುಗಳ ಹಿಂಡನ್ನು ಅತಿವೇಗದಿಂದ ಬೆನ್ನಟ್ಟಿ ತಿನ್ನುವ ಬೇಟೆಗಾರ ಮೀನು. ಈ ಸ್ವಭಾವವನ್ನೇ ಬಳಸಿಕೊಂಡು, ಗಾಳ ಹಾಕಲು ಕಡಲಿಗಿಳಿಯುವ ಗೆಳೆಯರ ತಂಡಗಳು ಚಲಿಸುವ ದೋಣಿಯ ಹಿಂದೆ ನಕಲಿ ಮೀನು ಕಟ್ಟಿದ ಗಾಳವನ್ನು ಎಳೆಯುತ್ತವೆ. ಇದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಅಂಜಲಿನ ಹಲ್ಲು ನೈಲಾನ್ ದಾರವನ್ನು ಕತ್ತರಿಸಬಲ್ಲಷ್ಟು ಹರಿತವಾದ್ದರಿಂದ, ಗಾಳಕ್ಕೂ ದಾರಕ್ಕೂ ನಡುವೆ ಉಕ್ಕಿನ ತಂತಿಯ ತುಂಡನ್ನು ಜೋಡಿಸಲಾಗುತ್ತದೆ.

ರುಚಿಯ ಬಹುಪಾಲು ದೋಣಿಯಲ್ಲೇ ನಿರ್ಧಾರವಾಗುತ್ತದೆ. ಹಿಡಿದೊಡನೆ ಕಿವಿರಿನ ಬಳಿ ಕೊಯ್ದು ರಕ್ತ ಬಸಿದರೆ ಮಾಂಸಕ್ಕೆ ಕಮಟು ವಾಸನೆ ಅಂಟುವುದಿಲ್ಲ. ಆದರೆ ತಡಮಾಡದೆ ಮಂಜುಗಡ್ಡೆಯಲ್ಲಿ ಹೂತಿಡದಿದ್ದರೆ, ಮಾಂಸದಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಮುಖ ಕೆಂಪೇರಿಸಿ, ತಲೆನೋವು, ವಾಂತಿ ತರಬಲ್ಲ ಈ ವಸ್ತು ಎಷ್ಟು ಬೇಯಿಸಿದರೂ ನಾಶವಾಗುವುದಿಲ್ಲ.

ಹೀಗೆ ಕಾಪಾಡಿದ ಮೀನನ್ನು ಬೆರಳು ದಪ್ಪದ ಅಡ್ಡ ತುಂಡುಗಳಾಗಿ ಕೊಯ್ದು, ಬ್ಯಾಡಗಿ ಮೆಣಸು, ಹುಣಸೆಹುಳಿ, ಬೆಳ್ಳುಳ್ಳಿ, ಅರಿಸಿನ, ಉಪ್ಪು ಸೇರಿಸಿ ಗಟ್ಟಿಯಾಗಿ ಅರೆದ ಮಸಾಲೆ ಸವರಿ ಅರ್ಧ ಗಂಟೆ ಬಿಟ್ಟು, ಕಾದ ಕಾವಲಿಯ ಮೇಲೆ ತೆಂಗಿನೆಣ್ಣೆಯಲ್ಲಿ ಎರಡೂ ಬದಿ ಕಾಯಿಸಿದರೆ ಹೊರಗೆ ಗರಿಗರಿಯಾಗಿ ಒಳಗೆ ಮೃದುವಾಗಿರುತ್ತದೆ. ಇನ್ನು ಗಾಳಕ್ಕೆ ಸಿಕ್ಕ, ಮೊಟ್ಟೆಯಿಡುವ ಪ್ರಾಯಕ್ಕೆ ಬಾರದ ಮರಿ ಅಂಜಲನ್ನು ಜೀವಸಹಿತ ಕಡಲಿಗೆ ಮರಳಿಸುವ ತಂಡವೇ ಮುಂದಿನ ವರ್ಷಗಳ ಊಟವನ್ನೂ ಉಳಿಸುತ್ತದೆ.