ಉಪ್ಪು ಬೆರೆತರೆ ಅಯಾನುಗಳ ಕ್ರಿಯೆ ಎಷ್ಟು ವೇಗ?

ಕ್ರಿಯೆಯಲ್ಲಿ ಪಾಲ್ಗೊಳ್ಳದ ಉಪ್ಪೂ ನೀರಿನಲ್ಲಿ ಅಯಾನುಗಳ ನಡುವಿನ ಕ್ರಿಯೆಯ ವೇಗವನ್ನು ಬದಲಿಸುತ್ತದೆ. ಕರಗಿದ ಉಪ್ಪು ಧನ ಮತ್ತು ಋಣ ಅಯಾನುಗಳಾಗಿ ಬೇರ್ಪಡುತ್ತದೆ. ಪ್ರತಿ ಅಯಾನಿನ ಸುತ್ತ ವಿರುದ್ಧ ಆವೇಶದವು ತುಸು ಹೆಚ್ಚು ನೆರೆಯುತ್ತವೆ. ಆ ಮುಸುಕಿನಿಂದಾಗಿ ಅದರ ಸೆಳೆತವೂ ತಳ್ಳಾಟವೂ ದೂರದವರೆಗೆ ತಟ್ಟುವುದಿಲ್ಲ.

ಪರ್‌ಸಲ್ಫೇಟ್, ಅಯೋಡೈಡ್ ಎರಡೂ ಋಣ ಅಯಾನುಗಳು, ಒಂದನ್ನೊಂದು ತಳ್ಳುತ್ತವೆ. ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿದರೆ ತಳ್ಳಾಟ ತಗ್ಗುತ್ತದೆ, ಅಯೋಡಿನ್ ಬೇಗ ಹುಟ್ಟುತ್ತದೆ, ಗುರುತಿಗಾಗಿ ಹಾಕಿದ ಪಿಷ್ಟ ಬೇಗ ನೀಲಿಯಾಗುತ್ತದೆ. ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಬಣ್ಣ ಧನ, ಅದನ್ನು ಮಾಸಿಸುವ ಹೈಡ್ರಾಕ್ಸೈಡ್ ಋಣ. ಇಲ್ಲಿ ಉಪ್ಪು ಸೆಳೆತವನ್ನೇ ಕುಗ್ಗಿಸುವುದರಿಂದ ನೇರಳೆ ನಿಧಾನವಾಗಿ ಮಾಸುತ್ತದೆ. ಒಂದೇ ಉಪ್ಪು, ಎರಡು ವಿರುದ್ಧ ಫಲ: ಈ ವಿಷಯದ ನಿಜವಾದ ಸೊಗಸು ಇದೇ. ಒಂದು ಕಣಕ್ಕೆ ಆವೇಶವೇ ಇಲ್ಲದಿದ್ದರೆ ಪರಿಣಾಮ ತೀರಾ ಕಡಿಮೆ.

ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞರಾದ ಬ್ರಾನ್‌ಸ್ಟೆಡ್ 1922ರಲ್ಲಿ, ಬ್ಯೆರುಮ್ 1924ರಲ್ಲಿ ಇದಕ್ಕೆ ಸಿದ್ಧಾಂತ ಕೊಟ್ಟರು. ಅದರ ಪ್ರಕಾರ, ವೇಗ ಸ್ಥಿರಾಂಕದ ಲಾಗರಿದಮ್‌ನಲ್ಲಾಗುವ ಬದಲಾವಣೆ ಎರಡು ಆವೇಶಗಳ ಗುಣಲಬ್ಧವನ್ನೂ ಅಯಾನಿಕ ಬಲದ (ದ್ರಾವಣದಲ್ಲಿರುವ ಅಯಾನುಗಳ ಸಾಂದ್ರತೆಯನ್ನೂ ಆವೇಶವನ್ನೂ ಒಟ್ಟಿಗೆ ಲೆಕ್ಕಿಸುವ ಅಳತೆ) ವರ್ಗಮೂಲವನ್ನೂ ಅನುಸರಿಸುತ್ತದೆ. ಅಯಾನಿಕ ಬಲ ಲೀಟರಿಗೆ 0.01 ಮೋಲ್ ಆದಾಗ ಪರ್‌ಸಲ್ಫೇಟ್ ಕ್ರಿಯೆ, ಉಪ್ಪೇ ಇಲ್ಲದ ಸ್ಥಿತಿಗಿಂತ ಸುಮಾರು 1.6 ಪಟ್ಟು ಚುರುಕು. ದ್ರಾವಣ ಇನ್ನೂ ಗಾಢವಾದರೆ ಈ ಲೆಕ್ಕ ಹಳಿ ತಪ್ಪುತ್ತದೆ.

ಆವೇಶ ಹೆಚ್ಚಿದಷ್ಟೂ ಪ್ರಭಾವ ಹೆಚ್ಚು. ಸಮ ಸಾಂದ್ರತೆಯಲ್ಲಿ ಮೆಗ್ನೀಸಿಯಂ ಸಲ್ಫೇಟಿನ ಅಯಾನಿಕ ಬಲ ಅಡುಗೆ ಉಪ್ಪಿನ 4 ಪಟ್ಟು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳೂ ಎರಡು ಆವೇಶದವೇ. ಹಾಗಾಗಿ ಶಿಗ್ಗಾಂವದಲ್ಲಾಗಲಿ ಸವಣೂರಿನಲ್ಲಾಗಲಿ, ಕಾಲೇಜಿನ ಪ್ರಯೋಗಶಾಲೆಯಲ್ಲಿ ಈ ವೇಗ ಅಳೆಯಲು ಗಡಸಾದ ಬೋರ್‌ವೆಲ್ ನೀರು ಸಲ್ಲದು. ಬಟ್ಟಿ ಇಳಿಸಿದ ನೀರೇ ಬೇಕು.